ನೀರಿನ ಸಹವಾಸ ಮಾಡಿದ ವೈಪರ್

"ವೈಪರ್ ಮೋಟರಿನೊಳಗೆ ಮಳೆನೀರು ಸೇರಿರುವುದು ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ ಸದರಿ ಬಿಡಿಭಾಗಕ್ಕೆ ವಾರಂಟಿ ಅನ್ವಯಿಸುವುದಿಲ್ಲ" ಎಂದು ನಾನು ಕಾರು ಕೊಂಡ ಶಿವಮೊಗ್ಗದ ಡೀಲರು ರಿಪೇರಿಯ ವಿವರ ದಾಖಲಿಸುವ ಜಾಬ್ ಕಾರ್ಡಿನ ಮೇಲೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಿದ್ದಾರೆ. ಗಾಜಿನ ಮೇಲಿನ ನೀರನ್ನು ಒರೆಸುವುದೊಂದೇ ಕಸುಬಾಗಿರುವ ಯಂತ್ರವೊಂದು ನೀರಿನ ಸಹವಾಸ ಮಾಡಿತೆಂಬ ಕಾರಣಕ್ಕೆ ಬಹಿಷ್ಕಾರಕ್ಕೊಳಗಾದ ಈ ಪ್ರಕರಣವನ್ನು ನಾಡಿನ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಡೀಲರ ಹೆಸರು ಬೇಡ. ಹೆಸರು ಬದಲಾದರೂ ಈ ವಾಕ್ಯ ಬದಲಾಗುವುದಿಲ್ಲವೆಂದು ಬೇರೆ ಬೇರೆ ಕಂಪನಿಯ ಕಾರು ಇಟ್ಟುಕೊಂಡಿರುವ ನೆಂಟರಿಷ್ಟರು ನನಗೆ ಭರವಸೆ ಕೊಟ್ಟಿದ್ದಾರೆ.

ನಡೆದದ್ದು ಇಷ್ಟು. ಕಾರಿಗೆ ಆಗಿನ್ನೂ ಎರಡನೆಯ ಮಳೆಗಾಲ. ಪುನರ್ವಸು ಮಳೆ ಹಿಡಿದಿದ್ದ ಜುಲೈ ತಿಂಗಳ ಒಂದು ಸಂಜೆ ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ ಹೊರಟಿದ್ದಾಗ ವೈಪರ್ ಕಡ್ಡಿಗಳು ಮೊದಲು ಮಂದವಾದವು, ಆಮೇಲೆ ನಡುಗಾಜಿನಲ್ಲಿ, ಸರಿಯಾಗಿ ಚಾಲಕನ ಕಣ್ಣಿಗೆ ಅಡ್ಡವಾಗಿ, ನಿಂತೇಬಿಟ್ಟವು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನ ದಾರಿ. ಅದರಾಚೆಗೆ 14 ತಿರುವುಗಳ ಘಾಟಿ. ಹಿಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ತಮ್ಮ ಎಲೆಯಡಿಕೆ ಸಂಚಿಯಿಂದ ಹೊಗೆಸೊಪ್ಪಿನ ತುಂಡೊಂದನ್ನು ತೆಗೆದು, ಮಳೆಯಲ್ಲೇ ಕೆಳಗಿಳಿದು, ಹಿಂದಿನ ಕಾಲದ ಬಸ್ಸಿನ ಚಾಲಕರು ಮಾಡುತ್ತಿದ್ದಂತೆ ಗಾಜಿನ ಹೊರಮೈಗೆ ಗಸಗಸನೆ ಉಜ್ಜಿದರು. ಹನಿಹನಿಯಾಗಿ ನಿಲ್ಲುತ್ತಿದ್ದ ನೀರು ತೆಳ್ಳಗೆ ಹರಡಿಕೊಂಡು ಇಳಿಯತೊಡಗಿ, ಎದುರಿನ ದಾರಿ ಅಷ್ಟಿಷ್ಟು ಕಂಡಿತು. ಪರಿಚಿತರೊಬ್ಬರ ಮನೆಯ ಅಂಗಳದವರೆಗೆ ಕಾರು ತೆವಳಿತು. ಈ ಹೊಗೆಸೊಪ್ಪನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಡೀಲರ ಕಡತದಲ್ಲಿ ಅದಕ್ಕೂ ಒಂದು ಸ್ಥಾನ ದೊರೆತಿದೆ.

ನನಗೆ ಅರ್ಥವಾಗದೆ ಉಳಿದಿರುವ ಸಂಗತಿಯೆಂದರೆ, ಒಂದೇ ಕಟ್ಟಡದ ಮುಂಭಾಗದಲ್ಲಿ ಮಲೆನಾಡಿನಲ್ಲಿ ಮಳೆ ಬರುತ್ತದೆ, ಹಿಂಭಾಗದಲ್ಲಿ ಬರುವುದಿಲ್ಲ. ಮುಂಭಾಗವೆಂದರೆ ಶೋರೂಮು. ಅಲ್ಲಿ ಕಾರು ಕೊಳ್ಳುವ ದಿನ ಮಾರಾಟದ ಹುಡುಗ, "ನೀವು ಮಲೆನಾಡಿನವರು ಸರ್, ನಿಮ್ಮ ಕಡೆ ಮಳೆ ಹೇಗೆ ಅಂತ ನಮಗೆ ಗೊತ್ತಿಲ್ವಾ" ಎಂದು ಕನಿಕರದಿಂದ ಆರಂಭಿಸಿ, ತುಕ್ಕು ಹಿಡಿಯದಂತೆ ಅಂಡರ್‌ಬಾಡಿ ಕೋಟಿಂಗ್, ಕೆಸರು ಸಿಡಿಯದಂತೆ ಮಡ್‌ಫ್ಲಾಪ್, ಮಂಜಿನಲ್ಲಿ ದಾರಿ ಕಾಣಲು ಫಾಗ್ ಲ್ಯಾಂಪ್, ಇವೆಲ್ಲಕ್ಕೂ ಮುಕುಟವಾಗಿ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಬಿಲ್ಲಿಗೆ ಸೇರಿಸಿದ. ಅವನ ಬೆನ್ನ ಹಿಂದಿನ ದೊಡ್ಡ ಪರದೆಯಲ್ಲಿ ಅದೇ ಮಾದರಿಯ ಕಾರು ಹಸಿರು ಬೆಟ್ಟದ ನಡುವಿನ ಹಳ್ಳವೊಂದನ್ನು ಚಿಮ್ಮಿಸಿಕೊಂಡು ದಾಟುತ್ತಿತ್ತು, ವೈಪರ್ ಕೂಡ ಆಡುತ್ತಿತ್ತು. ಹಿಂಭಾಗವೆಂದರೆ ವರ್ಕ್‌ಶಾಪು. ಅಲ್ಲಿಗೆ ಬಂದೊಡನೆ ಇದೇ ಮಳೆ ಅಪರೂಪದ ನೈಸರ್ಗಿಕ ವಿಕೋಪವಾಗುತ್ತದೆ, ಗ್ರಾಹಕನು ಬೇಕೆಂದೇ ಅದರ ಬಾಯಿಗೆ ವಾಹನವನ್ನು ಒಡ್ಡಿದವನಾಗುತ್ತಾನೆ. ಎರಡೂ ವಿಭಾಗಗಳ ನಡುವೆ ಇರುವುದು ಒಂದು ಗಾಜಿನ ಬಾಗಿಲು ಮಾತ್ರ. ಹವಾಮಾನ ಇಲಾಖೆಯವರು ಬಂದು ಅಳೆಯಬೇಕಾದಂಥ ಬಾಗಿಲು ಅದು.

ವಾರಂಟಿ ಪುಸ್ತಿಕೆಯನ್ನು ಕಾರು ಕೊಳ್ಳುವ ಮೊದಲು ಯಾರೂ ಓದುವುದಿಲ್ಲ, ಕೊಂಡ ಮೇಲೆ ಓದುವ ಅಗತ್ಯವನ್ನು ಕಂಪನಿಯೇ ಒದಗಿಸುತ್ತದೆ. ಮೊದಲ ಪುಟದಲ್ಲಿ ವಾರಂಟಿ ಉಂಟೆಂದು ದೊಡ್ಡ ಅಕ್ಷರಗಳಲ್ಲಿಯೂ, ಉಳಿದ ಪುಟಗಳಲ್ಲಿ ಯಾವುದಕ್ಕೆ ಇಲ್ಲವೆಂದು ಸಣ್ಣ ಅಕ್ಷರಗಳಲ್ಲಿಯೂ ಹೇಳಲಾಗಿದೆ. ಬಿರುಗಾಳಿ, ಸಿಡಿಲು, ಆಲಿಕಲ್ಲು, ನೆರೆ ಇವುಗಳಿಂದಾದ ಹಾನಿಗೆ ಇಲ್ಲ. ಹಕ್ಕಿಯ ಹಿಕ್ಕೆಗೆ, ಮರದ ಅಂಟಿಗೆ, ಗಾಳಿಯಲ್ಲಿ ಬಂದು ಕೂತದ್ದಕ್ಕೆ ಇಲ್ಲ. ಇಲಿ ಕಡಿದ ವೈರಿಗೆ ಇಲ್ಲ. ಟೈರಿಗೂ ಬ್ಯಾಟರಿಗೂ ಅವುಗಳ ತಯಾರಕರನ್ನು ಕೇಳಬೇಕು. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಬಲ್ಬು, ಫಿಲ್ಟರು, ವೈಪರಿನ ರಬ್ಬರು ಸವೆಯುವ ವಸ್ತುಗಳಾದ್ದರಿಂದ ಅವುಗಳ ಸವೆತಕ್ಕೂ ಇಲ್ಲ. ಹಲಸಿನ ಮರದಡಿ ಕಾರು ನಿಲ್ಲಿಸುವ, ಅಡಿಕೆ ಚೀಲದ ಪಕ್ಕದಲ್ಲೇ ಇಲಿ ಸಂಸಾರ ಮಾಡುವ, ಮಂಡಗದ್ದೆಯ ಬೆಳ್ಳಕ್ಕಿಗಳು ತಲೆಯ ಮೇಲೆ ಹಾರುವ ಈ ಪ್ರದೇಶದಲ್ಲಿ ಇಷ್ಟನ್ನೆಲ್ಲ ಕಳೆದ ಮೇಲೆ ಉಳಿಯುವ ವಾರಂಟಿಯು ಚಳ್ಳಕೆರೆಯ ಶೆಡ್ಡೊಂದರಲ್ಲಿ, ಜನವರಿ ತಿಂಗಳಲ್ಲಿ, ಟಾರ್ಪಾಲು ಹೊದ್ದು ನಿಂತಿರುವ ಕಾರಿಗೆ ಚೆನ್ನಾಗಿ ಹೊಂದುತ್ತದೆ. ಆದರೂ ನನ್ನ ಪುಸ್ತಿಕೆಯಲ್ಲಿ ಮಳೆ ಎಂಬ ಮಾತು ಎಲ್ಲಿಯೂ ಇಲ್ಲ, ವೈಪರ್ ಮೋಟರಿಗೆ ವಾರಂಟಿ ಇಲ್ಲವೆಂದೂ ಇಲ್ಲ. ತಗಾದೆ ಹುಟ್ಟಿದ್ದು ಅಲ್ಲಿ.

ಮೊದಲು ಸರ್ವಿಸ್ ಅಡ್ವೈಸರ್ ಪುಸ್ತಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟು, "ವೈಪರ್ ಕನ್ಸ್ಯೂಮಬಲ್ ಬರುತ್ತೆ ಸರ್" ಎಂದರು. ಅವರ ಬೆರಳು ಮುಚ್ಚಿದ್ದ ಪದ ರಬ್ಬರು ಎಂಬುದಾಗಿತ್ತು. ರಬ್ಬರು ಬೇರೆ, ಅದನ್ನು ಆಡಿಸುವ ಮೋಟರು ಬೇರೆ ಎಂದಾಗ ಅವರು ಒಪ್ಪಿಕೊಂಡು ಎರಡನೆಯ ವಾದಕ್ಕೆ ಬಂದರು. ಕಾರನ್ನು ಮೂರು ದಿನ ಶಿವಮೊಗ್ಗದ ಒಣ ಅಂಗಳದಲ್ಲಿ ನಿಲ್ಲಿಸಿಕೊಂಡದ್ದರಿಂದ ಮೋಟರು ಆರಿಕೊಂಡು ಮತ್ತೆ ತಿರುಗತೊಡಗಿತ್ತು. ಆದ್ದರಿಂದ ಜಾಬ್ ಕಾರ್ಡಿನಲ್ಲಿ "ದೂರು ಗಮನಕ್ಕೆ ಬಂದಿಲ್ಲ" ಎಂದು ಬರೆಯಲಾಯಿತು. ಆಗುಂಬೆಯ ಜ್ವರವನ್ನು ಶಿವಮೊಗ್ಗದ ಬಿಸಿಲಿನಲ್ಲಿ ಅಳೆದ ಈ ವೈದ್ಯರಿಗೆ ನಾನು ನಲ್ಲಿಯ ಪೈಪನ್ನು ತೋರಿಸಿ, ಐದು ನಿಮಿಷ ಗಾಜಿನ ಮೇಲೆ ನೀರು ಬಿಡಬೇಕೆಂದು ವಿನಂತಿಸಿದೆ. ನೀರು ಬಿಟ್ಟರೆ ವಾರಂಟಿ ಹೋಗುತ್ತದೆ ಎಂದರು. ಕಾರು ತೊಳೆಯುವ ವಿಭಾಗದಲ್ಲಿ ಅದೇ ಪೈಪಿನಿಂದ ನೀರು ಬಿಟ್ಟು ಪ್ರತ್ಯೇಕ ಬಿಲ್ಲು ಮಾಡುತ್ತಾರೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಕೊನೆಗೆ ಮೋಟರನ್ನು ಬಿಚ್ಚಿದರು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾನೆಟ್ಟಿನ ಹಿಂಬದಿಗೂ ಮುಂಗಾಜಿಗೂ ನಡುವೆ, ಪ್ಲಾಸ್ಟಿಕ್ ಜಾಲರಿಯ ಕೆಳಗೆ, ಅಡ್ಡಡ್ಡಲಾಗಿ ಒಂದು ದೋಣಿಯಂಥ ಜಾಗವಿದೆ. ಗಾಜಿನ ಮೇಲಿಂದ ಇಳಿದ ನೀರೆಲ್ಲ ಅಲ್ಲಿಗೇ ಬಂದು ಬದಿಯ ತೂತುಗಳ ಮೂಲಕ ನೆಲ ಸೇರಬೇಕು. 12 ವೋಲ್ಟಿನ ವೈಪರ್ ಮೋಟರನ್ನು ಕಂಪನಿಯ ಎಂಜಿನಿಯರುಗಳು ಕೂರಿಸಿರುವುದೂ ಅದೇ ದೋಣಿಯಲ್ಲಿ. ಮೋಟರಿನ ಗೇರು ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಸೀಲು ಇರುತ್ತದೆ. ಸೀಲು ಗಟ್ಟಿಯಿದ್ದರೆ ನೀರು ಹೊರಗೇ ಹರಿದು ಹೋಗುತ್ತದೆ, ಒಳಗೆ ಹೋಗಿದೆಯೆಂದರೆ ಸೀಲು ಸೋತಿದೆ. ನಮ್ಮ ಮೋಟರಿನ ಮುಚ್ಚಳ ತೆಗೆದಾಗ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಸೀಲಿನ ಒಂದು ಮೂಲೆ ಕುಳಿಯಿಂದ ಎದ್ದು ಮಡಚಿಕೊಂಡಿತ್ತು. ಮೆಕ್ಯಾನಿಕ್ ಹುಡುಗ ಅದನ್ನು ಉಗುರಿನಿಂದ ತೋರಿಸಿ, "ಇದು ಫಿಟ್ಟಿಂಗಲ್ಲೇ ಹಿಂಗೆ ಬಂದಿರೋದು" ಎಂದು ಬಾಯಿಬಿಟ್ಟ. ಅಡ್ವೈಸರ್ ಅವನನ್ನು ಕೂಡಲೇ ಬೇರೊಂದು ಕಾರಿನ ಕೆಳಕ್ಕೆ ಕಳಿಸಿದರು. ಸೀಲಿನದು ದೋಷ, ಒಳಗೆ ಸಿಕ್ಕ ನೀರು ಅದರ ಸಾಕ್ಷಿ. ವಾರಂಟಿ ವಿಭಾಗದ ನ್ಯಾಯಶಾಸ್ತ್ರದಲ್ಲಿ ಆರೋಪಿಯನ್ನು ಬಿಟ್ಟು ಸಾಕ್ಷಿಗೆ ಶಿಕ್ಷೆಯಾಗುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಈ ಕ್ಷೇತ್ರದಲ್ಲಿ ತಿದ್ದಬೇಕಾಗಿದೆ. ಇಲ್ಲಿ ಪೂಜಾರಿ ಅತ್ಯಂತ ವಿನಯವಂತ, ಕಾಫಿ ಕೊಡುತ್ತಾರೆ, "ನಮ್ಮ ಕೈಲಿ ಏನಿದೆ ಸರ್, ಕಂಪನಿಯೋರೇ ರಿಜೆಕ್ಟ್ ಮಾಡಿದಾರೆ" ಎಂದು ದೇವರ ಕಡೆ ಕೈ ತೋರಿಸುತ್ತಾರೆ. ದೇವರ ಟೋಲ್‌ಫ್ರೀ ಸಂಖ್ಯೆಗೆ ಕರೆ ಮಾಡಿದರೆ, "ನಿಮ್ಮ ಡೀಲರ್ ಅನ್ನು ಸಂಪರ್ಕಿಸಿ" ಎಂದು ಅಶರೀರವಾಣಿಯಾಗುತ್ತದೆ. ತೀರ್ಪು ಕೊಡುವ ವಾರಂಟಿ ತಂಡದವರು ಯಾವ ಊರಿನಲ್ಲಿದ್ದಾರೋ ತಿಳಿಯದು, ಅವರು ನೋಡುವುದು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಮಾತ್ರ. ನನ್ನ ಪ್ರಕರಣದಲ್ಲಿ ಕಳಿಸಿದ್ದ ಫೋಟೋಗಳಲ್ಲಿ ಬಿಳಿಚಿಕೊಂಡ ಗ್ರೀಸಿನದು ಇತ್ತು, ಮಡಚಿದ ಸೀಲಿನದು ಇರಲಿಲ್ಲ. ಬದಲಿಗೆ, ಮುಂಗಾಜಿನ ಅಂಚಿನಲ್ಲಿ ಉಳಿದುಕೊಂಡಿದ್ದ ಹೊಗೆಸೊಪ್ಪಿನ ಕಂದು ಕಲೆಯನ್ನು ಹತ್ತಿರದಿಂದ ಹಿಡಿದ ಸುಂದರ ಚಿತ್ರವೊಂದಿತ್ತು, ಅದರ ಕೆಳಗೆ "ಅನಧಿಕೃತ ರಾಸಾಯನಿಕ ಬಳಕೆ" ಎಂಬ ಅಡಿಬರಹವಿತ್ತು. ಎಲೆಯಡಿಕೆ ಸಂಚಿಯ ಮಾಲೀಕರಿಗೆ ನಾನಿನ್ನೂ ಈ ವಿಷಯ ತಿಳಿಸಿಲ್ಲ.

ಖುದ್ದು ಬಂದು ನೋಡುವುದಾಗಿ ಮಾತು ಕೊಟ್ಟಿದ್ದ ಏರಿಯಾ ಮ್ಯಾನೇಜರರು ತಮ್ಮ ಪ್ರವಾಸವನ್ನು ಮುಂದೂಡಿದರು. ಮಲೆನಾಡಿನ ಕಡೆ ಮಳೆ ವಿಪರೀತವಿದ್ದು, ಪ್ರಯಾಣ ಸುರಕ್ಷಿತವಲ್ಲವೆಂದು ಅವರು ಮಿಂಚಂಚೆಯಲ್ಲಿ ಕಾರಣ ತಿಳಿಸಿದ್ದಾರೆ. ಆ ಮಿಂಚಂಚೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮುಂದಿನ ಸುತ್ತಿನಲ್ಲಿ "ಅತಿಯಾದ ಬಳಕೆ" ಎಂಬ ಹೊಸ ಕಾರಣ ಸೇರಿಕೊಂಡಿತು. ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ವೈಪರ್ ನಿಮಿಷಕ್ಕೆ 60 ಸಲ ಆಡುತ್ತದೆಂದು ಇಟ್ಟುಕೊಂಡರೂ ಎರಡು ತಾಸಿನ ದಾರಿಗೆ 7,200 ಸಲವಾಯಿತು. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎಂದು ಹಿರಿಯರು ಹೇಳಿದ್ದು ಆರಿದ್ರೆಯ ಮಾತಾಯಿತು. ಅದಾದ ಮೇಲೆ ಪುನರ್ವಸು, ಪುಷ್ಯ, ಆಶ್ಲೇಷ ಇನ್ನೂ ಬಾಕಿ ಇರುತ್ತವೆ. ಹಾಗಾದರೆ ದಿನಕ್ಕೆ ಎಷ್ಟು ಸಲ ಒರೆಸಬಹುದು, ಮಿಕ್ಕ ಹೊತ್ತು ಚಾಲಕ ಏನನ್ನು ನೋಡಿಕೊಂಡು ಓಡಿಸಬೇಕು ಎಂದು ಬರೆದು ಕೇಳಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೆಯ ನಿಯಮವು ವಾಹನದಲ್ಲಿ ದಕ್ಷವಾಗಿ ಕೆಲಸ ಮಾಡುವ, ಯಂತ್ರಚಾಲಿತವಾದ ವೈಪರ್ ಇರಲೇಬೇಕೆನ್ನುತ್ತದೆ. ಅದು ಮಿತವಾಗಿ ಕೆಲಸ ಮಾಡಬೇಕೆಂದು ಆ ನಿಯಮ ಹೇಳಿದಂತಿಲ್ಲ. ಉತ್ತರವಾಗಿ ನನ್ನ ದೂರಿನ ಸಂಖ್ಯೆಯನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿ ಎಸ್ಎಂಎಸ್ ಕಳಿಸಿದರು. ಅದರ ಬೆನ್ನಿಗೇ ಕರೆಯೊಂದು ಬಂದು, ಸೇವೆಗೆ ದಯವಿಟ್ಟು 10ಕ್ಕೆ 10 ಕೊಡಬೇಕೆಂದೂ, 9 ಕೊಟ್ಟರೂ ತಮ್ಮ ಇನ್ಸೆಂಟಿವ್ ಹೋಗುತ್ತದೆಂದೂ ಒಬ್ಬ ಹೆಣ್ಣುಮಗಳು ಕೇಳಿಕೊಂಡಳು. ಆ ಮನೆಯಲ್ಲಿ ಪ್ರಾಮಾಣಿಕವಾಗಿ ಮಾತಾಡಿದವಳು ಅವಳೊಬ್ಬಳೇ.

ಪುಸ್ತಿಕೆಯ ಕೊನೆಯ ಪುಟದಲ್ಲಿ ಎಲ್ಲ ವ್ಯಾಜ್ಯಗಳೂ ದೂರದ ಮಹಾನಗರವೊಂದರ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದವು ಎಂದಿದೆ. ಅದನ್ನು ಓದಿ ಮನೆಗೆ ಹೋಗುವವರೇ ಹೆಚ್ಚು, ಸಾಲನ್ನು ಬರೆದಿರುವುದೂ ಅವರಿಗಾಗಿಯೇ ಇರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕನು ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷದಿಂದ 10 ಲಕ್ಷದವರೆಗಿನ ಬೆಲೆಯ ವಸ್ತುವಾದರೆ ಶುಲ್ಕ 200 ರೂಪಾಯಿ, ಅದು ಡೀಲರಲ್ಲಿ ಕಾರು ತೊಳೆಸುವ ದರಕ್ಕಿಂತ ಕಡಿಮೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ಜಾಬ್ ಕಾರ್ಡು, ತಿರಸ್ಕಾರದ ಪತ್ರ, ಹಳೆಯ ಬಿಡಿಭಾಗ ಕೈಯಲ್ಲಿದ್ದರೆ ಒಳ್ಳೆಯದು. ದೋಷವಿದೆಯೋ ಇಲ್ಲವೋ ಎಂಬುದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಅದರ ವರದಿಗೆ ಕಾಯ್ದೆ 45 ದಿನ ಕೊಟ್ಟಿದೆ, ಪರೀಕ್ಷೆಯ ಶುಲ್ಕವನ್ನು ದೂರುದಾರನೇ ಮೊದಲು ಕಟ್ಟಬೇಕಾಗಬಹುದು. ಇಂಥ ಪರೀಕ್ಷೆ ಬೇಕಾದ ಪ್ರಕರಣವನ್ನು ಐದು ತಿಂಗಳಲ್ಲಿ, ಬೇಡದ್ದನ್ನು ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದೂ ಹೇಳಿದೆ. ಪ್ರಯತ್ನ ಎಂಬುದು ಕಾಯ್ದೆಯ ಮಾತೇ, ನನ್ನ ವ್ಯಂಗ್ಯವಲ್ಲ.

ಆಯೋಗದ ಹೆಸರು ಕಿವಿಗೆ ಬಿದ್ದೊಡನೆ ಡೀಲರ ಕಡೆಯಿಂದ ಗುಡ್‌ವಿಲ್ ಎಂಬ ಪ್ರಸಾದ ಇಳಿದುಬಂದಿತು. ಹಕ್ಕು ಎಂದು ಕೇಳಿದವರಿಗೆ ಇಲ್ಲದ್ದು ಕೃಪೆಯೆಂದು ಬೇಡಿದವರಿಗೆ ಉಂಟು: ಮೋಟರಿನ ಬೆಲೆಯಲ್ಲಿ ಅರ್ಧ ಅವರದು, ಉಳಿದರ್ಧವೂ ಕೂಲಿಯೂ ತೆರಿಗೆಯೂ ನನ್ನದು. ಹಳೆಯ ಮೋಟರನ್ನು ಅವರಿಗೆ ಬಿಟ್ಟುಕೊಡಬೇಕು, ಪೂರ್ಣ ತೃಪ್ತಿಯಾಗಿದೆಯೆಂದು ಸಹಿ ಹಾಕಬೇಕು, ತಯಾರಿಕೆಯಲ್ಲಿ ದೋಷವಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಸಹಿ ಹಾಕುವುದಿಲ್ಲವೆಂದೆ, ಪೂರ್ತಿ ಹಣ ಕೊಟ್ಟು, ಆಕ್ಷೇಪಣೆಯನ್ನು ಬಿಲ್ಲಿನ ಮೇಲೆಯೇ ಬರೆದು, ಮಡಚಿದ ಸೀಲಿನ ಸಮೇತ ಹಳೆಯ ಮೋಟರನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಬಿಡಿಭಾಗ ತರಿಸುವುದಕ್ಕೇ ಬಹಳ ಕಾಲ ಹಿಡಿದದ್ದರಿಂದ ಬಿಲ್ಲು ಆಗುವ ಹೊತ್ತಿಗೆ ಅಕ್ಟೋಬರ್ ತಿಂಗಳ ಕೊನೆ. ಹೊಸ ಮೋಟರಿಗೆ ಆರು ತಿಂಗಳ ವಾರಂಟಿ ಉಂಟೆಂದು ಅಡ್ವೈಸರ್ ಬಹಳ ಸಂತೋಷದಿಂದ ಬರೆದುಕೊಟ್ಟಿದ್ದಾರೆ. ಅದು ಏಪ್ರಿಲ್ ಕೊನೆಗೆ ಮುಗಿಯುತ್ತದೆ.