ಕಿರುನಾಟಕ ಹೊಸಬರ ಅಭ್ಯಾಸಕ್ಕೆ ಮಾತ್ರ ಅಲ್ಲ: ಒಂದು ಸ್ಪಷ್ಟನೆ

“ಕಿರುನಾಟಕ ಹೊಸಬರು ಕೈ ಪಳಗಿಸಿಕೊಳ್ಳಲು ಬರೆಯುವಂಥದ್ದು. ಹೆಸರು ಮಾಡಿದವರು ಅದರ ಗೊಡವೆಗೆ ಹೋಗುವುದಿಲ್ಲ. ಕಥೆಯೂ ಅರ್ಧಕ್ಕೇ ನಿಲ್ಲುತ್ತದೆ.” ಹೀಗೊಂದು ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬ್ರಿಟನ್ನಿನ ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ ಅವರನ್ನೇ ನೋಡಿ. ಹುಟ್ಟಿದ್ದು 1938ರಲ್ಲಿ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ 2019ರಲ್ಲಿ ಅವರ ನಾಲ್ಕು ಹೊಸ ಕಿರುನಾಟಕಗಳು ಒಟ್ಟಿಗೆ ಪ್ರದರ್ಶನವಾದವು. ಎಂಬತ್ತು ದಾಟಿದ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು ಅಂತ ಯಾರೂ ಹೇಳಲಾರರು, ಅಲ್ವಾ? ಅಲ್ಲಿನವರೇ ಆದ ನಾಟಕಕಾರ ಹೆರಾಲ್ಡ್ ಪಿಂಟರ್ ಅವರ ‘ಮೌಂಟನ್ ಲ್ಯಾಂಗ್ವೇಜ್’ ಕೂಡ ಪುಟ್ಟ ನಾಟಕ. ಅದು ರಂಗಕ್ಕೆ ಬಂದಿದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಅವರು ಜಗತ್ತಿಗೆಲ್ಲ ಗೊತ್ತಿದ್ದವರು.

ಇನ್ನು ಕಥೆ ಅರ್ಧಕ್ಕೆ ನಿಲ್ಲುವ ಮಾತು. ಅನೇಕ ಕಿರುನಾಟಕಗಳು ಜಗಳದ ನಡುವೆಯೇ ಶುರುವಾಗುತ್ತವೆ. ಹಿನ್ನೆಲೆ ಹೇಳುವುದಿಲ್ಲ, ಕೊನೆಗೆ ಗಂಟು ಬಿಡಿಸುವುದೂ ಇಲ್ಲ. ಅದು ಬೇಕೆಂದೇ ಮಾಡಿದ್ದು. ಪಾತ್ರಗಳು ಯಾವ ವಿಷಯ ತಪ್ಪಿಸಿ ಮಾತಾಡುತ್ತಿವೆ, ಎಲ್ಲಿ ಸುಮ್ಮನಾಗುತ್ತವೆ ಅಂತ ಗಮನಿಸಿ ನೋಡಿ. ನಾಟಕದ ಜಾಸ್ತಿ ಪಾಲು ಅಲ್ಲೇ ಇರುತ್ತದೆ. (ಎಲ್ಲ ಕಿರುನಾಟಕವೂ ಚೆನ್ನ ಅಂತಲ್ಲ. ಹತ್ತೇ ನಿಮಿಷದಲ್ಲಿ ಆಕಳಿಕೆ ತರಿಸುವವೂ ಇವೆ.)

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಆಗಲೇ ಕಳಿಸಿದ್ದರೆ ಈ ಸ್ಪಷ್ಟನೆಯನ್ನೂ ಅಲ್ಲೇ ಹಾಕಿ.