ಸಾವಿರ ರೂಪಾಯಿ ಕಟ್ಟಿ ಪರೀಕ್ಷೆ ಬರೀರಿ

"ಆನ್‌ಲೈನ್ ಸರ್ಟಿಫಿಕೇಟಿಗೆ ಏನ್ ಕಿಮ್ಮತ್ತದ ಅಕ್ಕಾ?" ಅಂತ ನಮ್ಮ ಓಣಿಯ ಬಿಕಾಂ ಹುಡುಗಿ ಹೋದ ವಾರ ಕೇಳಿದಳು. ಕೆಲಸಕ್ಕೆ ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಿಲ್ಲ. ಇಲ್ಲಿ ಬರೀತೀನಿ, ಅವಳಂಥವರು ಇನ್ನೂ ಬಹಳ ಮಂದಿ ಇದ್ದಾರೆ.

ನಾನು ಕಲಬುರಗಿಯ ಮಾರುಕಟ್ಟೆ ನೆಹರೂ ಗಂಜಿನಲ್ಲಿ, ರೈತರ ಮಾಲು ಕಮಿಷನ್ನಿಗೆ ಮಾರಿಕೊಡುವ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಓದಿದ್ದು ಕನ್ನಡ ಮಾಧ್ಯಮ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ಸ್ವಯಂ ಪೋರ್ಟಲ್‌ನಲ್ಲಿ, ಐಐಟಿಗಳು ಸೇರಿ ನಡೆಸುವ ಎನ್‌ಪಿಟೆಲ್‌ನವರ 12 ವಾರದ ಅರ್ಥಶಾಸ್ತ್ರದ ಕೋರ್ಸು ಮುಗಿಸಿದೆ. ಪಾಠ ಕೇಳೋದಕ್ಕೆ ರೊಕ್ಕ ಕೊಡಬೇಕಾಗಿಲ್ಲ. ಸರ್ಟಿಫಿಕೇಟು ಬೇಕಂದ್ರೆ ಸಾವಿರ ರೂಪಾಯಿ ಕಟ್ಟಿ, ಕೇಂದ್ರಕ್ಕೆ ಹೋಗಿ ಕೂತು ಬರೀಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರದಿದ್ದರೆ ಸರ್ಟಿಫಿಕೇಟಿಲ್ಲ.

2015ರಲ್ಲಿ ತೊಗರಿಬ್ಯಾಳಿ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನೆನಪಿರಬೇಕು. ಮುಂದಿನ ಮುಂಗಾರಿಗೆ ಅಪ್ಪ ಹೆಸರುಕಾಳು ಬಿತ್ತುವ ಹೊಲಕ್ಕೂ ತೊಗರಿಯನ್ನೇ ಹಾಕಿದ. ಬೀಜ ಗೊಬ್ಬರಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ ಸಾಲ. ಆ ವರ್ಷ ಮಳಿನೂ ಚಲೋ ಆಯ್ತು. ದೇಶದ ತೊಗರಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇದ್ದರೂ ಗಂಜಿನ ಹರಾಜಿನಲ್ಲಿ ಅಷ್ಟು ಬರಲಿಲ್ಲ. "ನಮ್ಮ ಹಣೇಬರಹ" ಅಂದ ಅಪ್ಪ, ಮಾರಿದ ಲೆಕ್ಕದ ಪಟ್ಟಿ ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡ.

ಕೋರ್ಸಿನಲ್ಲಿ ಬೇಡಿಕೆಯ ಪಾಠ ಬಂದ ರಾತ್ರಿ ವಿಡಿಯೋ ನಿಲ್ಲಿಸಿ, ಟ್ರಂಕಿನಿಂದ ಆ ಪಟ್ಟಿ ತೆಗೆದು ಮುಂದೆ ಇಟ್ಟುಕೊಂಡೆ. ಮಡಿಕೆಯಲ್ಲಿ ಹರಿದಿತ್ತು, ಹಮಾಲಿ, ತೂಕದ ಕಡಿತ ಇನ್ನೂ ಓದಲಿಕ್ಕೆ ಬರುತ್ತಿತ್ತು. ಬೆಳೆ ಇಮ್ಮಡಿಯಾಯ್ತು ಅಂತ ಯಾರ ಮನೆಯಲ್ಲೂ ದಿನಕ್ಕೆ ಎರಡು ಸಲ ಬ್ಯಾಳಿ ಕುದಿಸಲ್ಲ. ಅದಕ್ಕೇ ಬೆಲೆ ಅಷ್ಟು ಕೆಳಗೆ ಬೀಳೋದು, ಹೆಚ್ಚು ಬೆಳೆದವನ ಕೈಗೆ ಕಮ್ಮಿ ರೊಕ್ಕ ಬರೋದು. ಬಿತ್ತುವಾಗ ನೋಡಿದ್ದು ಹೋದ ವರ್ಷದ ಬೆಲೆ, ಮಾಲು ಕೈಗೆ ಬರೋದು ಆರು ತಿಂಗಳ ಮೇಲೆ, ಎಲ್ಲರೂ ಮಾಡಿದ್ದು ಅದನ್ನೇ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಅಂತಲೇ ಹೆಸರದೆ. ಅಪ್ಪನ ತಪ್ಪಲ್ಲ, ಹಣೇಬರಹವೂ ಅಲ್ಲ.

ಸಾಲದ ಲೆಕ್ಕವನ್ನೂ ಅವತ್ತೇ ಹಾಕಿದೆ. ನೂರಕ್ಕೆ ಮೂರು ಅಂದ್ರೆ ವರ್ಷಕ್ಕೆ 36 ಅಂದುಕೊಂಡಿದ್ದೆವು. ಕಟ್ಟದ ಬಡ್ಡಿಯನ್ನು ತಿಂಗಳಾ ಅಸಲಿಗೆ ಸೇರಿಸುತ್ತಾ ಹೋದರೆ ಅದು 42 ರೂಪಾಯಿ 58 ಪೈಸೆ.

ಪರೀಕ್ಷೆ ಇಲ್ಲದಿದ್ದರೆ ನಾನು ಎರಡನೇ ವಾರಕ್ಕೇ ಬಿಟ್ಟುಬಿಡ್ತಿದ್ದೆ. ದುಡಿದ ಸಾವಿರ ರೂಪಾಯಿ ಕಟ್ಟಿದ್ದಕ್ಕೇ ಅಂಗಡಿ ಮುಚ್ಚಿ ಬಂದು ರಾತ್ರಿ ಹನ್ನೊಂದರ ತನಕ ಕೂಡ್ತಿದ್ದೆ. ಸಂಬಳ ಏರಿಲ್ಲ, ನಿಜ. ಆದರೂ ಆ ರೊಕ್ಕ ಹಾಳಾಯ್ತು ಅಂತ ಒಂದು ದಿನವೂ ಅನಿಸಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ನಾನು ಕೇಳಿದ ಪಾಠ ಇಂಗ್ಲಿಷು, ಬರೆದ ಪ್ರಶ್ನೆಪತ್ರಿಕೆಯೂ ಇಂಗ್ಲಿಷು. ತೊಗರಿ ನಾಡಿನ ಮಕ್ಕಳಿಗೆ ತೊಗರಿಯ ಲೆಕ್ಕ ಕನ್ನಡದಲ್ಲಿ ಯಾಕೆ ಸಿಗಬಾರದು? ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರ ತನಕ ಕೋರ್ಸುಗಳನ್ನು ಸ್ವಯಂನಲ್ಲಿ ಓದಿ, ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್ ಪಡೀಬಹುದು. ಆ ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಕಾಲೇಜಿನಲ್ಲಿ ಯಾರೂ ಹೇಳಿಲ್ಲವಂತೆ. ಮೇಷ್ಟ್ರುಗಳು ದಯವಿಟ್ಟು ಹೇಳಿ.

ಹನ್ನೆರಡೂ ವಾರದ ಪಾಠ ಕನ್ನಡದಲ್ಲಿ ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಅದೆ. ಮುಂದಿನ ಸಲ ಹೆಸರು ಹಚ್ಚುವವರು ಇನ್‌ಬಾಕ್ಸಿಗೆ ಬರ್ರಿ, ಫೋಟೋ ತೆಗೆದು ಕಳಿಸ್ತೀನಿ. ಆ ಹುಡುಗಿಗೆ ಈ ಐತವಾರ ಮನೀಗೇ ಬಾ ಅಂದೀನಿ.