ಮಂಗನ ಕಾಯಿಲೆಯ ಪಾಠಕ್ಕೂ ಪರವಾನಗಿಯೇ?

ನಮ್ಮ ಸಿದ್ದಾಪುರದ ಕಡೆ ಸೊಪ್ಪಿನ ಬೆಟ್ಟದಿಂದ ಬಂದವರು ಮೊದಲು ಮೈಮೇಲೆ ಉಣುಗು ಹತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದರೆ ಊರಿಗೆ ಊರೇ ಬೆಚ್ಚುತ್ತದೆ. ಇಲ್ಲೇ ಹುಟ್ಟಿ ಜೀವಶಾಸ್ತ್ರ ಕಲಿಸುತ್ತಿರುವ ನಾನು ಒಂದು ಕಾಲೇಜಿನಲ್ಲಿ ಮಂಗನ ಕಾಯಿಲೆಯ ಬಗ್ಗೆ ಮಾತನಾಡಬೇಕಿತ್ತು. ವಿದೇಶದ ಕೆಲವು ವಿದ್ಯಾರ್ಥಿಗಳೂ ಆನ್‌ಲೈನ್‌ನಲ್ಲಿ ಸೇರುವವರಿದ್ದರು. ಎರಡು ದಿನ ಮೊದಲು ಪ್ರಾಂಶುಪಾಲರ ಫೋನ್ ಬಂತು. "ಆ ವೈರಸ್ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆಯಂತೆ ಸರ್, ನಮಗೆ ಆ ಉಸಾಬರಿ ಬೇಡ." ಉಪನ್ಯಾಸ ರದ್ದಾಯಿತು.

ಪಟ್ಟಿಯಲ್ಲಿ ಇರುವುದು ನಿಜ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್, ಜೈವಿಕ ಅಸ್ತ್ರ ಹರಡದಂತೆ ತಡೆಯಲು ಆಸ್ಟ್ರೇಲಿಯಾ ಗ್ರೂಪ್ ಎಂಬ ಹಲವು ದೇಶಗಳ ಕೂಟ ಮಾಡಿರುವ ಪಟ್ಟಿಯಲ್ಲಿದೆ. ಭಾರತ 2018ರ ಜನವರಿಯಲ್ಲಿ ಆ ಗುಂಪು ಸೇರಿತು. ಇಂಥ ವಸ್ತು, ತಂತ್ರಜ್ಞಾನಗಳ ರಫ್ತನ್ನು ನಿಯಂತ್ರಿಸುವ ನಮ್ಮದೇ ದೇಶದ ಪಟ್ಟಿಯ ಹೆಸರು ಸ್ಕೋಮೆಟ್. ಅದರಲ್ಲಿರುವ ವೈರಸ್ ಹೊರದೇಶಕ್ಕೆ ಹೋಗಬೇಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ವೈರಸ್ಸನ್ನು ಸಂಶೋಧಕ ಗೆಳೆಯನಿಗೆಂದು ಅಂಚೆಯಲ್ಲಿ ಕಳುಹಿಸಿದರೂ ಅದು ರಫ್ತೇ. ನಿಯಂತ್ರಣಕ್ಕೆ ಒಳಪಟ್ಟ ತಂತ್ರಜ್ಞಾನವನ್ನು ಇ-ಮೇಲ್‌ನಲ್ಲಿ ಕಳುಹಿಸುವುದಕ್ಕೂ ಇದೇ ನಿಯಮ. ಇದಕ್ಕೆ ನನ್ನ ತಕರಾರಿಲ್ಲ, ಇನ್ನೂ ಬಿಗಿಯಾಗಲಿ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಈಗಾಗಲೇ ಸಾರ್ವಜನಿಕವಾಗಿರುವ ಜ್ಞಾನಕ್ಕೆ, ಮೂಲ ವಿಜ್ಞಾನದ ಸಂಶೋಧನೆಗೆ ತಂತ್ರಜ್ಞಾನದ ಮೇಲಿನ ಈ ನಿರ್ಬಂಧ ಅನ್ವಯಿಸುವುದಿಲ್ಲ. ಉಣುಗಿನ ಜೀವನಚಕ್ರ, ಮಂಗ ಸತ್ತ ಜಾಗದಲ್ಲಿ ಉಣುಗು ಮನುಷ್ಯರಿಗೆ ಹತ್ತುವ ಬಗೆ, ಜ್ವರದ ಲಕ್ಷಣಗಳು, ತರಗೆಲೆ ತರಲು ಹೋಗುವವರು ಮೈಗೆ ಹಚ್ಚಿಕೊಳ್ಳಬೇಕಾದ ತೈಲ: ನಾನು ಹೇಳಲಿದ್ದದ್ದು ಇಷ್ಟೇ. ಎಲ್ಲವೂ ಪಠ್ಯಪುಸ್ತಕದಲ್ಲಿದೆ, ಆರೋಗ್ಯ ಇಲಾಖೆಯ ಕರಪತ್ರದಲ್ಲಿದೆ. ಕೇಳುವವರು ಯಾವ ದೇಶದವರಾದರೂ ಇದಕ್ಕೆ ಪರವಾನಗಿ ಬೇಕಿಲ್ಲ.

ನನಗೆ ಸಿಟ್ಟು ಬಂದಿರುವುದು ಆ ಪ್ರಾಂಶುಪಾಲರ ಮೇಲಲ್ಲ. ನಿಯಮವನ್ನು ಬಿಡಿಸಿ ಹೇಳುವವರು ಅವರಿಗೆ ಯಾರಿದ್ದಾರೆ? ದೊಡ್ಡ ಸಂಸ್ಥೆಗಳು ಕಾನೂನು ಸಲಹೆಗಾರರನ್ನು ಇಟ್ಟುಕೊಳ್ಳಬಲ್ಲವು, ಘಟ್ಟದ ಮೇಲಿನ ಸಣ್ಣ ಕಾಲೇಜಿಗೆ ಅದು ಸಾಧ್ಯವಿಲ್ಲ. ಕಾಯಿಲೆ ಇರುವುದು ಮಾತ್ರ ಇಲ್ಲಿಯೇ. ಪ್ರತಿ ವಿಶ್ವವಿದ್ಯಾಲಯವೂ ಈ ವಿಷಯ ತಿಳಿದ ಒಬ್ಬರನ್ನು ನೇಮಿಸಬೇಕು. ತನ್ನ ವ್ಯಾಪ್ತಿಯ ಕಾಲೇಜುಗಳಿಗೆ ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಕನ್ನಡದಲ್ಲಿ ಎರಡು ಪುಟ ಬರೆದು ಕಳುಹಿಸಬೇಕು.

ಸಂಬಂಧಿಸಿದ ನಿಯಮದ ಪ್ರತಿಯನ್ನು ಕಾಲೇಜಿಗೆ ಕೊಟ್ಟು ಬಂದಿದ್ದೇನೆ. ಡಿಸೆಂಬರ್ ಬಂದರೆ ಮತ್ತೆ ಉಣುಗಿನ ಕಾಲ. ಅದಕ್ಕೂ ಮೊದಲು ಅದೇ ಸಭಾಂಗಣದಲ್ಲಿ ಈ ಪಾಠ ಮಾಡಬೇಕೆಂದಿದ್ದೇನೆ.